ಮಾಸ್ತರು ಬರೆದ ಅಜ್ಜಿ

ಕುಮಟೆಯ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರು ಎಣ್ಣೆಬಣ್ಣ ಕಲಿತು ಬಂದವರು. ಆದರೆ ಅವರ ಮನಸ್ಸೆಲ್ಲ ಹಳೆಯ ಪುಸ್ತಕವೊಂದರಲ್ಲಿ ಕಂಡ ಚೀನೀ ಚಿತ್ರಕಾರನ ಮೇಲೆ. ಆತ ಪ್ಯಾರಿಸ್ಸಿಗೆ ಹೋಗಿ ನೆರಳು ಬೆಳಕಿನ ಕೆಲಸ ಕಲಿತು, ಊರಿಗೆ ಮರಳಿ ತನ್ನ ಮಸಿ ಕುಂಚವನ್ನೇ ಹಿಡಿದವನಂತೆ. ಮಾಸ್ತರೂ ಹಾಗೆಯೇ ಯಾಣದ ಕರಿಬಂಡೆಗಳನ್ನು ಮಸಿಯಲ್ಲಿ ಬರೆಯುತ್ತಿದ್ದರು. ನಾವು ಹಾಳೆ ತುಂಬ ಬಣ್ಣ ಬಳಿದರೆ, "ಕಾಗದಕ್ಕೂ ಸ್ವಲ್ಪ ಜಾಗ ಬಿಡ್ರೋ" ಎಂದು ಕುಂಚದ ಹಿಂಬದಿಯಿಂದ ತಲೆಗೆ ಮೆಲ್ಲಗೆ ತಟ್ಟುತ್ತಿದ್ದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಗೌನು ತೊಟ್ಟ ನನ್ನ ಫೋಟೋದ ಪಕ್ಕ ಅಜ್ಜಿಯದೂ ಇರಲೇಬೇಕೆಂದು ಅಮ್ಮನ ಹಟ. ಅಘನಾಶಿನಿ ಹೊಳೆಯ ನೀರು ಇಳಿದಾಗ ಚಿಪ್ಪಿ ಹೆಕ್ಕಿ ಮಾರಿ ನನ್ನನ್ನು ಓದಿಸಿದ ಅಜ್ಜಿ, ಒಂದು ಫೋಟೋವನ್ನೂ ತೆಗೆಸಿಕೊಳ್ಳದೆ ತೀರಿಕೊಂಡಿದ್ದಳು. ಮಾಸ್ತರ ಮನೆಗೆ ಹೋದೆವು. ಅಮ್ಮ ಗುರುತು ಹೇಳಿದಂತೆ ಅವರು ಪೆನ್ಸಿಲಿನಲ್ಲಿ ಅಜ್ಜಿಯ ಮುಖ ಬರೆದರು.

"ಚಂದ ಆಗಿದೆ ಮಾಸ್ತರೇ. ಆದ್ರೆ ಇವ್ಳು ಬೇರೆ ಯಾರೋ," ಎಂದಳು ಅಮ್ಮ.

"ಮೂಗು ದೊಡ್ಡಾತಾ?"

"ಮೂಗೆಲ್ಲ ಸಮಾ ಇದೆ. ನಮ್ಮ ಅವ್ವಿ ಇಷ್ಟೊತ್ತು ಸುಮ್ನೆ ಕೂತವ್ಳೇ ಅಲ್ಲ."

ಮಾಸ್ತರು ನಕ್ಕುಬಿಟ್ಟರು. "ಆತು. ಹಂಗಾರೆ ಎಂತ ಮಾಡ್ತಿದ್ರು, ತೋರ್ಸಿ ತಂಗಿ."

ಅಮ್ಮ ಸೆರಗು ಸಿಕ್ಕಿಸಿ, ಅವರ ಜಗಲಿಯ ಮೇಲೇ ಬಗ್ಗಿ ನಿಂತು ಚಿಪ್ಪಿ ಹೆಕ್ಕಿದಳು. ಮಾಸ್ತರು ಪೆನ್ಸಿಲ್ ಬಿಟ್ಟು ಮಸಿ ಕಲಸಿದರು. ಬಾಗಿದ ಬೆನ್ನು ಒಂದೇ ಎಳೆತದಲ್ಲಿ ಬಂತು. ಬುಟ್ಟಿಗೆ ಮಾತ್ರ ಎಣ್ಣೆಬಣ್ಣದವರ ಹಾಗೆ ನೆರಳು ಕೊಟ್ಟರು. ಮುಖ ಕಾಣಿಸಲಿಲ್ಲ. ಸುತ್ತಲ ಬಿಳಿ ಕಾಗದವೆಲ್ಲ ಹೊಳೆಯಾಯಿತು.

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರಕ್ಕೇ ಹೇಳಿದಳು, "ಸಾಕು ಅವ್ವಿ, ಮೇಲೆ ಬಾ. ನೀರು ಏರ್ತಾ ಇದೆ."