ದೊಡ್ಡಮ್ಮ ಓಡಿದ್ದು ದೆವ್ವಕ್ಕಲ್ಲ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವುದು ಹೀಗೆ: ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ ಹಿರಿಯೂರಿನ ಮನೆಯಲ್ಲಿ ನಾವು ದೆವ್ವದ ಸಿನಿಮಾ ಹಾಕಿಕೊಂಡು ಕೂತಿದ್ದೆವು, ದೊಡ್ಡಮ್ಮನೂ ಬಂದು ಕೂತಳು, ತೆರೆಯ ಮೇಲೆ ಕಿರುಚಾಟ ಕೇಳಿದ ಕೂಡಲೇ ಎದ್ದು ಅಡುಗೆಮನೆಗೆ ಓಡಿದಳು. ಅವಳ ಮುಖ ಹೇಗೆ ಬಿಳಿಚಿಕೊಂಡಿತ್ತು ಎಂಬುದನ್ನು ಅಮ್ಮ ನಟಿಸಿ ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಈ ಕಥೆ ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ. ಕರೆಂಟು ಯಾವ ಹೊತ್ತಿಗೆ ಬಂದರೂ ಒಬ್ಬಳೇ ತೆಂಗಿನ ತೋಟಕ್ಕೆ ಹೋಗಿ ಮೋಟಾರು ಹಾಕಿ ಬರುವ ಹೆಂಗಸು, ಮುಖಕ್ಕೆ ಗೋಧಿಹಿಟ್ಟು ಬಳಿದುಕೊಂಡ ನಟನಿಗೆ ಹೆದರುತ್ತಾಳೆಯೇ? ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು. ದುರ್ಗದ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗಿ ಕಪ್ ಗೆದ್ದು ತಂದವಳು, ಎದುರಾಳಿಯ ಮಾತಿನಲ್ಲಿ ಸಣ್ಣ ಬಿರುಕು ಕಂಡರೂ ಬಿಡದವಳು. ಬಿಟ್ಟೆ, ಏಕೆಂದರೆ ಅದರಿಂದ ನನಗೆ ಅನುಕೂಲವಿತ್ತು.

ಈ ಕಥೆಗೆ ನನ್ನದೇ ಇನ್ನೊಂದು ಆವೃತ್ತಿಯೂ ಇದೆ. ಮೂಢನಂಬಿಕೆಯ ವಿರುದ್ಧ ಮಾತಾಡುವಾಗ ಅದನ್ನು ವೇದಿಕೆಯ ಮೇಲೆ ಎರಡು ಬಾರಿ ಹೇಳಿದ್ದೇನೆ. ಅದರಲ್ಲಿ ದೊಡ್ಡಮ್ಮನ ನಂಬಿಕೆಯನ್ನು ಪರೀಕ್ಷಿಸಲು ನಾನು ಯೋಚಿಸಿ ಒಂದು ಪ್ರಯೋಗ ಮಾಡುತ್ತೇನೆ. ಚಪ್ಪಾಳೆ ಬಿದ್ದಿತ್ತು. ಅದೂ ಸುಳ್ಳು.

ನಡೆದದ್ದು ಇಷ್ಟು. ದೊಡ್ಡಮ್ಮನ ಮಗ, ಅಂದರೆ ನಮ್ಮಣ್ಣ, ಮತ್ತು ನಾನು ಪ್ರತಿ ವರ್ಷ ಅಕ್ಟೋಬರ್ ಕೊನೆಯ ವಾರ ದೆವ್ವದ ಸಿನಿಮಾ ನೋಡುತ್ತಿದ್ದೆವು. ಹ್ಯಾಲೋವೀನ್ ಎಂಬುದನ್ನು ಮೊಬೈಲಿನಲ್ಲಿ ಕಂಡು ಕಲಿತದ್ದು. ಕುಂಬಳಕಾಯಿ ಕೊರೆಯಲು ಹೋಗಿ ಒಮ್ಮೆ ಬೈಸಿಕೊಂಡ ಮೇಲೆ ಸಿನಿಮಾ ಮಾತ್ರ ಉಳಿಯಿತು. ನಮ್ಮ ಮೆಚ್ಚಿನದು ಒಂದು ಹಳೆಯ ಕನ್ನಡ ಚಿತ್ರ. ಬಂದಾಗ ಒಂದು ವಾರವೂ ಓಡಿರಲಿಲ್ಲವಂತೆ. ಈಗ ನಮ್ಮಂಥವರು ಹುಡುಕಿ ನೋಡುತ್ತಾರೆ. ಸತ್ತ ಗಂಡ ಹೂತ ಗುಣಿಯಿಂದ ಎದ್ದು ಬಂದು ಹೆಂಡತಿಯ ಬಾಗಿಲು ಬಡಿಯುತ್ತಾನೆ. ದೆವ್ವದ ಕೈಯಲ್ಲಿ ವಾಚಿದೆ. ಗೋಡೆಯ ಮೇಲೆ ಮೈಕಿನ ನೆರಳು ಬೀಳುತ್ತದೆ. ಒಂದೊಂದು ಮಾತೂ ನಮಗೆ ಬಾಯಿಪಾಠ.

ಆ ವರ್ಷ ದೀಪಾವಳಿಯೂ ಅದೇ ವಾರ ಬಿತ್ತು. ನಮ್ಮ ಕಡೆ ದೀಪಾವಳಿಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಹೊಸ ಬಟ್ಟೆ, ಹೋಳಿಗೆ, ಅವರು ಇಷ್ಟಪಡುತ್ತಿದ್ದ ತಿಂಡಿ ಎಲ್ಲವನ್ನೂ ಒಳಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗಲು ಬಿಡುವು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ.

ದೊಡ್ಡಪ್ಪ ಹೋಗಿ ಆಗ ಮೂರನೆಯ ವರ್ಷ. ಅವರಿಗೆ ಸಕ್ಕರೆ ಕಾಯಿಲೆ. ಕೊನೆಯ ದಿನ ಬೆಳಿಗ್ಗೆ ಎರಡನೆಯ ಲೋಟ ಟೀ ಕೇಳಿದ್ದರು, ದೊಡ್ಡಮ್ಮ ಕೊಡಲಿಲ್ಲ, ಮಾತಿಗೆ ಮಾತು ಬೆಳೆಯಿತು, ಕೋಪದಲ್ಲೇ ತೆಂಗಿನಕಾಯಿ ಮಂಡಿಗೆ ಹೋದವರು ಅಲ್ಲೇ ಕುಸಿದುಬಿದ್ದರು. ಅದಕ್ಕೇ ಅವರ ಎಡೆಯಲ್ಲಿ ಒಂದು ಲೋಟ ಟೀ, ಸಕ್ಕರೆ ಸುರಿದದ್ದು. ಮೊದಲೆರಡು ವರ್ಷ ಬಾಗಿಲು ತೆಗೆದಾಗ ಟೀ ಮೇಲೆ ಕೆನೆ ಕಟ್ಟಿ ಹಾಗೇ ಇತ್ತು. ಇನ್ನೂ ಸಿಟ್ಟು ಐತೆ ಅವರಿಗೆ ಎಂದು ದೊಡ್ಡಮ್ಮ ಲೋಟ ಎತ್ತಿಕೊಂಡು ಹೋಗಿದ್ದಳು. ಟೀಗೆ ಕೆನೆ ಕಟ್ಟುವುದು ಯಾಕೆ ಎಂದು ನಾನು ಆಗ ವಿವರಿಸಿದ್ದೆ.

ಮೂರನೆಯ ವರ್ಷ ಎಡೆ ಇಡುವಾಗ ಹೊತ್ತು ಬಹಳ ಏರಿತ್ತು. ಬೆಳಗಿನಿಂದ ಟೀ ಇಲ್ಲದೆ ನನಗೆ ತಲೆ ಸಿಡಿಯುತ್ತಿತ್ತು. ಒಳಕೋಣೆಗೆ ಹಿತ್ತಲ ಕಡೆಯಿಂದ ಇನ್ನೊಂದು ಬಾಗಿಲಿದೆ. ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಕೈಕಾಲು ತೊಳೆಯುವ ನೆಪದಲ್ಲಿ ಎದ್ದು, ಆ ಬಾಗಿಲಿಂದ ಒಳಗೆ ಹೋಗಿ, ಅರ್ಧ ಲೋಟ ಕುಡಿದೆ. ಪ್ರಯೋಗವೂ ಇಲ್ಲ, ವಿಚಾರವೂ ಇಲ್ಲ. ಟೀ ಬೇಕಿತ್ತು, ಕಣ್ಣೆದುರು ಇತ್ತು. ಯಾರಿಗೂ ಗೊತ್ತಾಗದು ಎಂದುಕೊಂಡೆ. ಆ ಲೋಟವನ್ನೇ ಒಬ್ಬಳು ಕಾಯುತ್ತಿದ್ದಾಳೆಂಬುದು ನೆನಪಿಗೇ ಬರಲಿಲ್ಲ.

ಬಾಗಿಲು ತೆಗೆದಾಗ ದೊಡ್ಡಮ್ಮ ಲೋಟದ ಮುಂದೆ ಕೂತುಬಿಟ್ಟಳು. ಅಳಲಿಲ್ಲ. ಸೆರಗಿನಿಂದ ಲೋಟದ ಅಂಚು ಒರೆಸಿದಳು, ಮತ್ತೆ ಯಾಕೆ ಒರೆಸಿದೆ ಎಂಬಂತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೂರು ಹೋಳಿಗೆ ತಿಂದಳು. ಅವರು ಬಂದು ಟೀ ಕುಡಿದರೆಂದು ಪಕ್ಕದ ಮನೆಯವರಿಗೆ ಗೋಡೆಯಾಚೆಗೆ ಕೂಗಿ ಹೇಳಿದಳು. ನನ್ನ ಬಾಯಿಗೂ ಒಂದು ತುಂಡು ಹೋಳಿಗೆ ಇಟ್ಟಳು. ಆಗಲೇ ಹೇಳಬಹುದಿತ್ತು, ಅಥವಾ ಎಂದೆಂದಿಗೂ ಸುಮ್ಮನಿರಬಹುದಿತ್ತು.

ಊಟವಾದ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ಟಿ.ವಿ.ಯಲ್ಲಿ ನಮ್ಮ ಸಿನಿಮಾ ಹಾಕಿದೆವು. ಎಂದೂ ಬಾರದ ದೊಡ್ಡಮ್ಮ ಅಂದು ಬಂದು ನಮ್ಮ ನಡುವೆ ಕೂತಳು. ಗಂಡ ಬಾಗಿಲು ಬಡಿದ, ಹೆಂಡತಿ ಮೂಲೆಯಿಂದ ಮೂಲೆಗೆ ಓಡಾಡತೊಡಗಿದಳು.

“ಬಾಗಿಲು ತೆಗೆಯೋದು ಬಿಟ್ಟು ಇವಳ್ಯಾಕೆ ಹಿಂಗೆ ಓಡಾಡ್ತಾಳೆ?” ಎಂದಳು ದೊಡ್ಡಮ್ಮ.

“ಅವನು ದೆವ್ವ ಕಣಮ್ಮ,” ಎಂದ ಅಣ್ಣ.

“ಆದ್ರೇನು? ಕಟ್ಕಂಡ ಗಂಡ ತಾನೆ?”

ಅಣ್ಣ ನಕ್ಕ. ನಾನೂ ನಕ್ಕು ಸುಮ್ಮನಾಗಬಹುದಿತ್ತು. ಸತ್ತವರು ಬರುವುದಿಲ್ಲ, ಬರುತ್ತಾರೆ ಎನ್ನುವವರೇ ಪುರಾವೆ ಕೊಡಬೇಕು ಎಂದು ಶುರು ಮಾಡಿದೆ. ಬೆರಳು ಮಡಚಿ ಒಂದು, ಎರಡು ಎಂದು ಎಣಿಸಿದ್ದೂ ನೆನಪಿದೆ. ದೊಡ್ಡಮ್ಮ ತೆರೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

“ನೀನು ಎಷ್ಟು ಬೇಕಾದ್ರೂ ವಾದ ಮಾಡವ್ವ. ಅರ್ಧ ಲೋಟ ಟೀ ಖಾಲಿ ಆಗಿದ್ದು ನಾನು ಕಣ್ಣಾರೆ ನೋಡೀನಿ.”

“ಅದನ್ನ ಕುಡಿದಿದ್ದು ನಾನು ದೊಡ್ಡಮ್ಮ.”

ಗೆದ್ದಾಗ ಬರುವ ಆ ಸಣ್ಣ ಬಿಸಿ ಎದೆಗೆ ಬಂತು. ಅದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದೂ ಪ್ರಯೋಜನವಿಲ್ಲ. ಅವಳು ನನ್ನ ಕಡೆ ಒಮ್ಮೆ ನೋಡಿ ಎದ್ದು ಅಡುಗೆಮನೆಗೆ ಓಡಿದಳು. ತೆರೆಯ ಮೇಲೆ ಹೆಂಡತಿ ಕಿರುಚಿದ್ದು ಅದೇ ಹೊತ್ತಿಗೆ. ಅಡುಗೆಮನೆಯಲ್ಲಿದ್ದ ಅಮ್ಮ ಏನಾಯ್ತಕ್ಕ ಎಂದು ಕೇಳಿದ್ದು, ದೊಡ್ಡಮ್ಮ ಹೇಳಿದ್ದು, ಎರಡೂ ನಮಗೆ ಕೇಳಿಸಿದವು.

“ಏನಿಲ್ಲ ಕಣೇ. ದೆವ್ವ ನೋಡಿ ಹೆದರಿಕೆ ಆತು.”

ಹಿರಿಯರು ಉಣ್ಣುವ ಮೊದಲೇ ಎಡೆ ಎಂಜಲು ಮಾಡಿದೆನೆಂದು ತಿಳಿದಿದ್ದರೆ ಅಂದು ಅಮ್ಮ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಬೈಗುಳ ತಪ್ಪಿತು. ಎಲ್ಲರೂ ನಗುವ ಆ ಕಥೆಯನ್ನು ನನಗಾಗಿ ಮೊದಲು ಕಟ್ಟಿದವಳೇ ದೊಡ್ಡಮ್ಮ. ಅಣ್ಣ ರಿಮೋಟು ಒತ್ತಿ ಸಿನಿಮಾ ನಿಲ್ಲಿಸಿದ. ಅಕ್ಟೋಬರ್ ಬಂದರೆ ನಾವಿಬ್ಬರೂ ಈಗ ಸಿನಿಮಾದ ಮಾತೆತ್ತುವುದಿಲ್ಲ.

ಮರುವರ್ಷ ದೀಪಾವಳಿಗೆ ಹೋದಾಗ ದೊಡ್ಡಮ್ಮ ಎಂದಿನಂತೆ ಮೈದಡವಿ ಒಳಗೆ ಕರೆದಳು. ಎಡೆಗೆ ದೊಡ್ಡಪ್ಪನ ಪಂಚೆ, ಅಂಗಿ, ಹೋಳಿಗೆ, ಕಾಯಿಹಾಲು ಎಲ್ಲ ಬಂತು. ಟೀ ಬರಲಿಲ್ಲ. ಮರೆತಿರಬಹುದೆಂದು ಒಲೆಯ ಕಡೆ ನೋಡಿದೆ. ಟೀ ಪಾತ್ರೆ ತೊಳೆದು ಬೋರಲು ಹಾಕಿತ್ತು. ದೊಡ್ಡಮ್ಮ ಬಾಗಿಲು ಮುಂದೆ ಮಾಡಿ ಪಡಸಾಲೆಗೆ ಬಂದು ಕೂತಳು. ಮೊದಲಿನ ವರ್ಷಗಳ ಹಾಗೆ ಬಾಗಿಲ ಕಡೆ ಕಿವಿಗೊಡಲಿಲ್ಲ. ಎಲೆ ಅಡಿಕೆ ತಟ್ಟೆ ಎಳೆದುಕೊಂಡು ಎಲೆಯ ತೊಟ್ಟು ಮುರಿಯುತ್ತಿದ್ದಳು.

ಪಕ್ಕದಲ್ಲಿ ಕೂತೆ. ತಪ್ಪಾಯಿತು ಎನ್ನಲು ಬಂದವಳು ನಾನು. ಬಾಯಿಗೆ ಬಂದದ್ದು ಬೇರೆ.

“ದೊಡ್ಡಮ್ಮ, ಅವತ್ತು ನಾನು ಒಂದು ಪುರಾವೆನೂ ಕೊಡಲಿಲ್ಲ, ಟೀ ಕುಡಿದೆ ಅಂತ ಬರೀ ಬಾಯಲ್ಲಿ ಹೇಳಿದೆ. ದೊಡ್ಡಪ್ಪ ಬಂದಿದ್ದನ್ನ ಬಿಟ್ಟು ನನ್ನ ಮಾತನ್ನ ಯಾಕೆ ನಂಬಿದೆ?”