ಸಾಲಿನ ಕೊನೆಯಲ್ಲಿ ಟೈಲರಮ್ಮ

ಹೆಸರು ಹಿಡಿದು ಕರೆದರೆ ಎತ್ತಿದ ಹೆಜ್ಜೆಯನ್ನೂ ಹಿಂದಕ್ಕೆಳೆದುಕೊಂಡು ನಿಲ್ಲುತ್ತಿದ್ದ ಮಗು ಅದೊಂದು ದಿನ ಮಾತ್ರ ಏಕೆ ನಿಲ್ಲಲಿಲ್ಲ? ಟೈಲರಮ್ಮನ ಬದುಕನ್ನು ಬರೆಯಹೊರಟಾಗ ಮೊದಲು ಎದುರಾದ ಪ್ರಶ್ನೆ ಇದು. ಬಹುಕಾಲ ಇದಕ್ಕೆ ಉತ್ತರವಿರಲಿಲ್ಲ. ಮಗುವಿನ ಸೋದರಮಾವನಾದ ಬಡಗಿಯ ಬಳಿಯೂ ಇರಲಿಲ್ಲ. ಆತ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದ್ದ. ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ.

ಟೈಲರಮ್ಮನ ಅಂಗಡಿಯಿದ್ದದ್ದು ಮುಚ್ಚಿಹೋದ ಹಾಲಿನ ಡೇರಿಗೆ ಅಂಟಿಕೊಂಡಂತೆ. ಬೇಸಿಗೆ ರಜೆ ಬಂತೆಂದರೆ, ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದುಕೊಂಡು ಹೋಗುತ್ತಿದ್ದರು. ಇದು ಸರಿಯಲ್ಲವೆಂದು ಆಕೆ ಊರಿನ ಸಮಿತಿಯವರ ಬೆನ್ನುಬಿದ್ದು ಡೇರಿಯ ಕೀಲಿಕೈ ಪಡೆದರು. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಶಿಬಿರ ತೆರೆದರು. ಹಾಲಿನ ಕ್ಯಾನು ತೊಳೆಯುತ್ತಿದ್ದ ತೊಟ್ಟಿಗೆ ಮಕ್ಕಳ ಆಟಕ್ಕೆ ಮರಳು ಬಿತ್ತು. ಗಾಲಿಕುರ್ಚಿ ಒಳಗೆ ಬರಲೆಂದು ಬಡಗಿ ಬಾಗಿಲಿಗೆ ಹಲಗೆಯ ಇಳಿಜಾರು ಹೊಂದಿಸಿದ. ಕೊಡಬಲ್ಲವರು ಶುಲ್ಕ ಕೊಟ್ಟರು, ಆಗದವರು ಒಂದು ಬೆಳಿಗ್ಗೆ ಬಂದು ಅಡುಗೆಗೋ ಗುಡಿಸುವುದಕ್ಕೋ ಕೈಹಚ್ಚಿದರು. ಯಾರು ಯಾವ ಬಗೆಯವರೆಂಬುದು ಮಕ್ಕಳ ಕಿವಿಗೆ ಬೀಳದಂತೆ ಟೈಲರಮ್ಮ ನೋಡಿಕೊಂಡರು.

ಶಿಬಿರದ ನಡಿಗೆಗೆ ಒಂದೇ ಒಂದು ನಿಯಮವಿತ್ತು. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಮಗು ಸಾಲಿನ ಮುಂದಿರಬೇಕು. ಅದನ್ನು ಯಾರೂ ದಾಟಕೂಡದು. ಟೈಲರಮ್ಮ ಕೊನೆಯಲ್ಲಿರುತ್ತಿದ್ದರು. ಹೀಗಾಗಿ, ಮಾತೇ ಆಡದ, ಎಡಗಾಲು ಎಳೆದು ನಡೆಯುವ ಬಡಗಿಯ ಸೋದರಸೊಸೆ ಚುಕ್ಕಿ ಎರಡು ಬೇಸಿಗೆ ಇಡೀ ಸಾಲಿಗೆ ನಾಯಕಿಯಾದಳು. ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದ ಹುಡುಗಿ ಶಿಬಿರದ ದಿನಗಳಲ್ಲಿ ಎಲ್ಲರಿಗಿಂತ ಮೊದಲೆದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುವುದನ್ನು ಬಡಗಿ ಕಂಡಿದ್ದ. ಅವಳ ಪಾಲಿಗೆ ಅದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಬೇರೊಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮೂರನೆಯ ಬೇಸಿಗೆಯಲ್ಲಿ ಚುಕ್ಕಿ ದಿನವೂ ನಡೆಯುತ್ತಿದ್ದ ತೋಪಿನ ದಾರಿ ಬಿಟ್ಟು ಎಡಕ್ಕೆ, ನೀರು ನಿಂತ ಹಳೆಯ ಕಲ್ಲುಗಣಿಯತ್ತ ತಿರುಗಿದಳು. ಹಿಂದಿದ್ದ ಮಕ್ಕಳಿಗೆ ದಾರಿ ತಪ್ಪಿದ್ದು ತಿಳಿದಿತ್ತು. ಆದರೆ ಮುಂದಿರುವವಳನ್ನು ದಾಟಬಾರದೆಂಬ ಪಾಠ ಎಷ್ಟು ಚೆನ್ನಾಗಿ ಮೈಗೂಡಿತ್ತೆಂದರೆ, ಒಂದು ಮಗುವೂ ಸಾಲು ಮುರಿಯಲಿಲ್ಲ, ಎಲ್ಲರೂ ಹಾಡುತ್ತ ಅವಳ ಬೆನ್ನಿಗೇ ನಡೆದರು. ಗಣಿಯ ಅಂಚಿನಲ್ಲಿ ದಿನಸಿ ಅಂಗಡಿಯವನ ಮಗ ಜಾರಿ ನೀರಿಗೆ ಬಿದ್ದ. ದೊಡ್ಡ ಹುಡುಗಿಯರು ಎಳೆದು ಮೇಲೆ ಹಾಕಿದರು. ಜೀವ ಉಳಿಯಿತು, ಕೈ ಮುರಿಯಿತು.

ಮರುದಿನ ಡೇರಿಯಲ್ಲಿ ಸಭೆ ಸೇರಿತು.

"ನನ್ನ ಮಗನ್ನ ಈಜು ಕಲಿಯೋಕೆ ಕಳಿಸಿದ್ನಾ ನಾನು?" ಎಂದ ಅಂಗಡಿಯವನು. "ನೆಟ್ಟಗೆ ನಡೆಯೋಕೆ ಬರದೋಳ ಹಿಂದೆ ಊರ ಮಕ್ಕಳನ್ನೆಲ್ಲ ಅಟ್ಟಿದ್ದೀರಲ್ಲ ಟೈಲರಮ್ಮ."

"ಅವಳ ಕಾಲು ವಾಲೋದು ಕಣ್ಣಿಗಾದ್ರೂ ಕಾಣುತ್ತಪ್ಪ, ನಿನ್ನ ತಕ್ಕಡಿ ಹಾಗಲ್ಲ," ಎಂದಳು ಅಡುಗೆಗೆ ಬರುತ್ತಿದ್ದ ಅಜ್ಜಿ.

ಒಂದಿಬ್ಬರು ನಕ್ಕರು. ಅಂಗಡಿಯವನು ನಗಲಿಲ್ಲ. "ನೀವೆಲ್ಲಿದ್ರಿ ಆಗ?" ಎಂದು ಟೈಲರಮ್ಮನನ್ನೇ ಕೇಳಿದ.

"ಹಿಂದೆ ಇದ್ದೆ."

"ಹಿಂದೆ ಇದ್ದು ಸುಮ್ನಿದ್ರಾ?"

ಟೈಲರಮ್ಮ "ಕೂಗಿದೆ. ಚುಕ್ಕಿ, ನಿಲ್ಲು ಅಂತ ಕೂಗಿದೆ. ಅವಳು ನಿಲ್ಲಲಿಲ್ಲ," ಎಂದರು.

ಬಡಗಿ ಎದ್ದು ನಿಂತ. "ಏನಕ್ಕ ಹೀಗಂತೀರಿ? ನೀವು ಕರೆದ್ರೆ ಬಾಯಿಗಿಟ್ಟ ತುತ್ತು ಬಿಟ್ಟು ನಿಲ್ತಾಳೆ ಅವಳು."

"ಅವತ್ತು ನಿಲ್ಲಲಿಲ್ಲ ಕಣಪ್ಪ."

ಸಮಿತಿಯವರಿಗೆ ಅಷ್ಟು ಸಾಕಾಯಿತು. ಕರೆದರೂ ನಿಲ್ಲದ ಮಗುವನ್ನು ಸೇರಿಸಿಕೊಳ್ಳುವುದಾದರೆ ಕೀಲಿಕೈ ಹಿಂದಿರುಗಿಸಿ ಎಂದರು. ಟೈಲರಮ್ಮ ಚುಕ್ಕಿಯನ್ನು ಬಿಡಲು ಒಪ್ಪಿ ತಲೆಯಾಡಿಸಿದರು. ಕೀಲಿಕೈ ಅವರ ಬಳಿಯೇ ಉಳಿಯಿತು.

ಬಡಗಿ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸಿದ. ಕೂಗು ಕೇಳಿಸಿತು ಎಂದಿತು ಒಂದು ಮಗು, ಹಾಡಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಎಂದಿತು ಇನ್ನೊಂದು. ಕೇಳಿಸಿತು ಎಂದ ಮಗು ವಾರ ಕಳೆದ ಮೇಲೆ ಕೇಳಿಸಲಿಲ್ಲ ಎಂದಿತು. ಸುಳ್ಳಾಡಬೇಕೆಂಬ ಉದ್ದೇಶ ಯಾವ ಮಗುವಿಗೂ ಇರಲಿಲ್ಲ. ನೆನಪೆಂಬುದು ನಡೆದದ್ದನ್ನು ಹಾಗೆಯೇ ಇರಿಸಿಕೊಳ್ಳುವುದಿಲ್ಲ. ಕೇಳುವವರ ಮುಖ ನೋಡಿ ಪ್ರತಿ ಸಲವೂ ಅದನ್ನು ಹೊಸದಾಗಿ ಕಟ್ಟುತ್ತದೆ. ಅಂಥ ಸಾಕ್ಷ್ಯವನ್ನು ನೆಚ್ಚಿ ಯಾರನ್ನೂ ದೂರಲಾಗದು, ಯಾರನ್ನೂ ನಂಬಲೂ ಆಗದು.

ಶಿಬಿರ ಮುಂದೆಯೂ ಬಹಳ ಬೇಸಿಗೆ ನಡೆಯಿತು. ಕುರುಡು ಹುಡುಗನೊಬ್ಬ ಬಂದ, ಗಾಲಿಕುರ್ಚಿಯ ಅವಳಿಜವಳಿ ಬಂದರು, ಎಲ್ಲರಿಗೂ ಜಾಗವಾಯಿತು. ಟೈಲರಮ್ಮನ ಹೆಸರು ಸುತ್ತಲ ಹಳ್ಳಿಗಳಿಗೂ ಹಬ್ಬಿತು. ಚುಕ್ಕಿ ಮಾತ್ರ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಮಾವನ ಮರಗೆಲಸದ ಶೆಡ್ಡಿನ ಬಾಗಿಲಲ್ಲಿ ಕುಳಿತು, ಮರದ ಹೊಟ್ಟಿನ ರಾಶಿಯಲ್ಲಿ ಬೆರಳಾಡಿಸುತ್ತಿದ್ದಳು. ಕೆಲವು ವರ್ಷಗಳ ಬಳಿಕ ಚಪ್ಪಲಿ ಹಾಕಿಕೊಳ್ಳುವುದನ್ನೂ ಬಿಟ್ಟಳು. ಹೆಸರು ಹಿಡಿದು ಕರೆದರೆ ತಲೆ ತಗ್ಗಿಸುವುದು ಅವಳಿಗೆ ರೂಢಿಯಾಯಿತು. ಬಡಗಿ ಟೈಲರಮ್ಮನೊಂದಿಗೆ ಮಾತು ಬಿಟ್ಟ. ಎದುರಾದರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ. ಆಕೆಯೂ ಅವನನ್ನು ಒಮ್ಮೆಯೂ ಕರೆದು ನಿಲ್ಲಿಸಲಿಲ್ಲ.

ಟೈಲರಮ್ಮ ತೀರಿಕೊಂಡ ಮೇಲೆ, ಅವರೊಂದಿಗೆ ಹೊಲಿಯುತ್ತಿದ್ದ ತಂಗಿ ಅಂಗಡಿ ಖಾಲಿ ಮಾಡಲು ಬಡಗಿಗೆ ಹೇಳಿಕಳಿಸಿದಳು. ಬಟ್ಟೆ ಕತ್ತರಿಸುವ ಮೇಜು ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ, ಕಾಲು ಬಿಚ್ಚಬೇಕಿತ್ತು. ಅವನು ಮೇಜಿನಡಿ ತೂರಿ ಮೊಳೆ ಕೀಳುತ್ತಿದ್ದಾಗ ಅವಳು ಮೇಲಿನಿಂದಲೇ ಮಾತು ತೆಗೆದಳು.

"ಇದರ ಮೇಲೆ ಅಕ್ಕ ಕತ್ತರಿ ಆಡಿಸೋದು ಬಿಟ್ಟು ಎಷ್ಟು ವರ್ಷವಾಗಿತ್ತು ಗೊತ್ತಾ ಅಣ್ಣ? ಎಲ್ಲ ನಾನೇ ಕತ್ತರಿಸಿ ಕೊಡ್ತಿದ್ದೆ. ಚುಕ್ಕಿದು ಆಯ್ತಲ್ಲ, ಅದಕ್ಕೂ ಮುಂಚೆ, ಆ ಚಳಿಗಾಲದಲ್ಲೇ ಕಣ್ಣಿನ ಡಾಕ್ಟ್ರು ಕೈಚೆಲ್ಲಿಬಿಟ್ಟಿದ್ರು. ನಾಲ್ಕು ಮಾರು ಆಚೆ ಇರೋದು ಅವಳಿಗೆ ಬರೀ ಮಬ್ಬು. ಮಕ್ಕಳನ್ನ ದನಿ ಮೇಲೇ ಗುರುತು ಹಿಡೀತಿದ್ಲು. ಗೊತ್ತಾದ್ರೆ ಶಿಬಿರ ಮುಚ್ಚಿಸ್ತಾರೆ, ಬಾಯಿಬಿಡಬೇಡ ಅಂದಿದ್ಲು ನಂಗೆ."

ಬಡಗಿಯ ಕೈ ನಿಂತಿತು. "ಹಾಗಾದ್ರೆ ಅವತ್ತು ಕೂಗಿದ್ದು?"

"ಅವರು ಎಡಕ್ಕೆ ತಿರುಗಿದ್ದೇ ಗೊತ್ತಾಗ್ಲಿಲ್ಲ ಅವಳಿಗೆ. ಹುಡುಗ ಕಿರುಚಿದ ಮೇಲೇ ಗೊತ್ತಾಗಿದ್ದು," ಎಂದಳು ತಂಗಿ. "ಅವಳು ಕೂಗೇ ಇರ್ಲಿಲ್ಲ ಅಣ್ಣ."