ಚೆಂಡಿಗೆ ಸುಣ್ಣ ಹಚ್ಚುವವನು
ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಶಿರಾದ ಹೈಸ್ಕೂಲು ಹುಡುಗರು, ಯಾವ ಕೋನದಲ್ಲಿ ಎಸೆದರೆ ಬಾಸ್ಕೆಟ್‌ಬಾಲ್ ರಿಂಗಿಗೆ ಬೀಳುತ್ತದೆಂದು ಅಳೆಯುವ ವಿಜ್ಞಾನ ಪ್ರಯೋಗಕ್ಕೆ ಇಳಿದಾಗ ಶಫೀವುಲ್ಲಾನೇ ಮುಖಂಡ. ಚೆಂಡಿಗೆ ಸುಣ್ಣ ಹಚ್ಚದೆ ಯಾರಿಗೂ ಎಸೆಯಲು ಬಿಡುತ್ತಿರಲಿಲ್ಲ. ರಿಂಗಿನ ಹಿಂದಿನ ಹಲಗೆಯ ಮೇಲೆ ಗುರುತು ಬೀಳಲೇಬೇಕು. ಕಾಗೆ ಹಾರಿದರೂ ಕೋನ ಅಳೆಯುವ ಆಸಾಮಿ, “ಮೊಣಕೈ ಎತ್ತಿ ಸಾರ್” ಎಂದು ಮೇಷ್ಟ್ರನ್ನೂ ತಿದ್ದಿದ್ದ. ಬುಕ್ಕಾಪಟ್ಟಣದ ಜುಂಜಪ್ಪನಿಗಂತೂ ದಿನವೂ ಬೈಗುಳ. ಅವನ ಚೆಂಡೆಲ್ಲ ರಿಂಗಿನ ಎಡಕ್ಕೇ ಹೋಗುತ್ತಿತ್ತು. ಅವನನ್ನು ಗುಂಪಿನಿಂದ ತೆಗೆಯೋಣವೆಂದು ಉಳಿದವರು ಹಟ ಹಿಡಿದ ದಿನ ಶಫೀವುಲ್ಲಾ ಹಲಗೆಯನ್ನೇ ದಿಟ್ಟಿಸಿದ. “ಇವನ ಗುರುತೆಲ್ಲ ಒಂದೇ ಜಾಗದಾಗವೆ. ಕೈ ಸರಿಯಾಗೈತೆ. ಲೇ ಜುಂಜ, ರಿಂಗು ಹೆಂಗೆ ಕಾಣ್ತದಲಾ?” “ಎರಡು ಕಾಣ್ತವೆ. ಎಲ್ರಿಗೂ ಅಂಗೇ ಅಲ್ವಾ?” ಮರುದಿನವೇ ಅವನನ್ನು ತುಮಕೂರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಕನ್ನಡಕ ಹಾಕಿಕೊಂಡ ಜುಂಜಪ್ಪ ಗೆಳೆಯನ ಕೈ ಹಿಡಿದು, ಬಿಡದೆ ಹೇಳಿದ: “ಇಷ್ಟು ದಿನ ಇಬ್ರು ಬೈತಿದ್ರು ಕಣ್ಲಾ. ಇನ್ಮೇಲೆ ನೀನೊಬ್ಬ ಬೈದ್ರೆ ಸಾಕು.”